ಸವೆದ ಪ್ಲೇಟಿನ ಪರವಾಗಿ

ಬಣ್ಣಬಣ್ಣದ ಹೊಸ ಎಲ್‌ಪಿಗಳ ಬಗ್ಗೆ ಬರೆಯಬೇಕೆಂದಿದ್ದೆ. ಕೂತು ನೋಡಿದರೆ ಬರೆಯುವುದಕ್ಕೆ ಹೆಚ್ಚೇನೂ ಇಲ್ಲ. ಹಳೆಯ ಸಿನಿಮಾ ಹಾಡುಗಳ ಡಿಜಿಟಲ್ ಪ್ರತಿಯನ್ನು ಕೆಂಪು, ಹಳದಿ ವಿನೈಲಿಗೆ ಇಳಿಸಿ, ಹೊದಿಕೆಯ ಮೇಲೆ ‘ಸೀಮಿತ ಆವೃತ್ತಿ’ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಅದು ಅಪರೂಪದ್ದಾಗುವುದಿಲ್ಲ. ಕಡಿಮೆ ಅಚ್ಚು ಹಾಕಿದ್ದು ಬೇರೆ, ಕಡಿಮೆ ಉಳಿದದ್ದು ಬೇರೆ. ನಾವು ಹುಡುಕಿಕೊಂಡು ಹೋಗುವುದು ಎರಡನೆಯದನ್ನು.

ನನ್ನ ಹಳೆಯ ಜಗಳ ಇರುವುದು ‘ಮಿಂಟ್ ಕಂಡೀಷನ್’ ಪಂಥದವರ ಜೊತೆ. ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿಯುತ್ತಾರೆ, ಗೆರೆಗಳ ಕಪ್ಪು ಬೂದಿಗೆ ತಿರುಗಿದ್ದು ಕಂಡರೆ ಯಾರು ಹಾಡಿದ್ದು ಎಂದು ಕೂಡ ಓದದೆ ಕೆಳಗಿಡುತ್ತಾರೆ. ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲೂ ಈಗ ವ್ಯಾಪಾರಿಗಳು ಅದೇ ಭಾಷೆ ಕಲಿತಿದ್ದಾರೆ. ಹೊಳೆಯುವುದಕ್ಕೆ ಬೆಲೆ, ಸವೆದದ್ದು ಗುಜರಿಗೆ. ಹೀಗೆ ಗುಜರಿಗೆ ಹೋದದ್ದರಲ್ಲಿ ಏನೇನು ಹೋಯಿತು ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಸವೆತ ಎಂದರೇನು ಎಂದಾದರೂ ಇವರು ತಿಳಿದುಕೊಳ್ಳಬೇಕು. ನಿಮಿಷಕ್ಕೆ 78 ಸುತ್ತಿನ ಹಳೆಯ ಪ್ಲೇಟಿನ ಅರಗಿಗೆ ಕಲ್ಲಿನ ಪುಡಿ ಬೆರೆಸುತ್ತಿದ್ದರು. ಉಕ್ಕಿನ ಮುಳ್ಳು ಮೊದಲ ಕೆಲವು ಸುತ್ತಿನಲ್ಲೇ ತೇಯ್ದು ಗೆರೆಯ ಆಕಾರಕ್ಕೆ ಕೂರಲಿ ಎಂಬುದೂ ಅದಕ್ಕೊಂದು ಕಾರಣ. ಆದ್ದರಿಂದಲೇ ಒಂದೊಂದು ಮಗ್ಗುಲಿಗೂ ಹೊಸ ಮುಳ್ಳು ಹಾಕಬೇಕಿತ್ತು. ದುಡ್ಡು ಉಳಿಸುವ ಮನೆಗಳಲ್ಲಿ ಹಾಕುತ್ತಿರಲಿಲ್ಲ, ಪ್ಲೇಟು ಸವೆಯುತ್ತಿತ್ತು. ಆದರೆ ಸವೆದದ್ದು ಇಡೀ ಗೆರೆಯಲ್ಲ, ಮುಳ್ಳು ಒರಗಿದ ಎತ್ತರದಲ್ಲಿ ಗೋಡೆಯ ಒಂದು ಪಟ್ಟಿ ಮಾತ್ರ. ಎಲ್‌ಪಿಯ ಸಣ್ಣ ಸೂಜಿ ಇಟ್ಟರೆ ಅದು ತಳಕ್ಕಿಳಿದು ಅಲ್ಲಿನ ಕಸ ಕೆರೆಯುತ್ತದೆ. 78ಕ್ಕೆ ಬೇಕಾದದ್ದು 65 ಮೈಕ್ರಾನ್ ಆಸುಪಾಸಿನ ತ್ರಿಜ್ಯದ ತುದಿ. ಅದರಲ್ಲೂ ಒಂದೆಳೆ ದಪ್ಪದ್ದು, ಒಂದೆಳೆ ಸಣ್ಣದ್ದು ಬದಲಿಸಿ ನೋಡಿ. ಸವೆದ ಪಟ್ಟಿಗಿಂತ ಮೇಲೋ ಕೆಳಗೋ ಹಳೆಯ ಮುಳ್ಳು ಮುಟ್ಟದ ಗೋಡೆ ಸಿಗುತ್ತದೆ. ಕರಕರ ಹಿಂದಕ್ಕೆ ಸರಿದು ಕಂಠ ಮುಂದಕ್ಕೆ ಬರುತ್ತದೆ. ಸತ್ತಿತು ಎಂದುಕೊಂಡ ಪ್ಲೇಟು ಹಾಡುವುದನ್ನು ಒಮ್ಮೆ ಕೇಳಿದವರು ಮತ್ತೆ ಬೂದುಬಣ್ಣಕ್ಕೆ ಹೆದರುವುದಿಲ್ಲ.

ಗಂಗೂಬಾಯಿ ಹಾನಗಲ್ಲರ ಮೊದಲ ಪ್ಲೇಟುಗಳನ್ನೇ ತೆಗೆದುಕೊಳ್ಳಿ. 1930ರ ದಶಕದಲ್ಲಿ ಎಚ್‌ಎಂವಿ ಹೊರತಂದ ಇವುಗಳ ಲೇಬಲ್ಲಿನ ಮೇಲೆ ಗಂಗೂಬಾಯಿ ಎಂದಿಲ್ಲ, ಗಾಂಧಾರಿ ಎಂಬ ಅವರ ಹುಟ್ಟುಹೆಸರಿದೆ. ಗಂಗೂಬಾಯಿಗಾಗಿ ಹುಡುಕುವವರು ಕೈಗೆ ಸಿಕ್ಕಿದ್ದನ್ನೇ ಪಕ್ಕಕ್ಕೆ ಸರಿಸಿಬಿಡುತ್ತಾರೆ. ಗಂಟಲಿನ ತೊಂದರೆ, ಅದರ ಚಿಕಿತ್ಸೆ ಎಲ್ಲ ಆದಮೇಲೆ ಅವರ ದನಿ ತಗ್ಗಿ, ನಾವೆಲ್ಲ ಬಲ್ಲ ಆ ಗಂಭೀರ ಸ್ವರಕ್ಕೆ ಬಂತು. ಅದಕ್ಕೂ ಮುಂಚಿನ ತೆಳುವಾದ, ಮೇಲಿನ ಷಡ್ಜಕ್ಕೆ ಸಲೀಸಾಗಿ ಏರುವ ಕಂಠ ಇರುವುದು ಮೂರು, ಮೂರೂವರೆ ನಿಮಿಷದ ಈ ಮಗ್ಗುಲುಗಳಲ್ಲಿ. ಪ್ಲೇಟು ಬೂದುಬಣ್ಣಕ್ಕೆ ತಿರುಗಿದೆ ಎಂದು ಬಿಟ್ಟುಬರುವ ಮನುಷ್ಯ ಸಂಗೀತ ಸಂಗ್ರಹಿಸುತ್ತಿಲ್ಲ, ಅರಗು ಸಂಗ್ರಹಿಸುತ್ತಿದ್ದಾನೆ. ಭೀಮಸೇನ ಜೋಶಿಯವರನ್ನು ಹುಡುಗತನದಲ್ಲಿ ಹಿಡಿದು ನಿಲ್ಲಿಸಿದ ಅಬ್ದುಲ್ ಕರೀಂ ಖಾನರ ಝಿಂಝೋಟಿ ಕೇಳಿಬಂದದ್ದು ಅಂಗಡಿಯೊಂದರ ಪ್ಲೇಟಿನಿಂದ. ಅಂಗಡಿಯ ಪ್ಲೇಟು ಮಿಂಟ್ ಆಗಿರುತ್ತದೆಯೇ?

ಸವೆದ ಪ್ಲೇಟಿನ ಪರವಾಗಿ ಮೈಸೂರಿನದೂ ಒಂದು ಕಥೆ ಇದೆ. ಇಲ್ಲೇ ಹೇಳಿಬಿಡುತ್ತೇನೆ.

ಜಯಚಾಮರಾಜ ಒಡೆಯರ್ ಎಂದರೆ ನಮಗೆ ಶ್ರೀವಿದ್ಯಾ ಮುದ್ರೆಯ ಕೃತಿಗಳು. ಪಾಶ್ಚಾತ್ಯ ಸಂಗೀತದ ಪ್ಲೇಟು ಕೂಡಿಸುವವರಿಗೆ ಅವರು ಮೆಟ್ನರ್ ಸೊಸೈಟಿಯ ಮಹಾರಾಜರು. ನಿಕೊಲಾಯ್ ಮೆಟ್ನರ್ ಮಾಸ್ಕೋದಲ್ಲಿ 1880ರಲ್ಲಿ ಹುಟ್ಟಿದ ಪಿಯಾನೊ ವಾದಕ, ರಚನಕಾರ. ಕೊನೆಗಾಲದಲ್ಲಿ ಲಂಡನ್ನಿನಲ್ಲಿದ್ದ, ಆರೋಗ್ಯ ಕೆಟ್ಟಿತ್ತು, ಕೇಳುವವರು ಕಡಿಮೆ. ಎಚ್‌ಎಂವಿಯ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಕಂಡದ್ದನ್ನು ಬರೆದಿಟ್ಟಿದ್ದಾನೆ: ಇನ್ನೂ ಮೂವತ್ತು ತುಂಬದ ಅರಸ, ಅರಮನೆಯೊಂದರಲ್ಲಿ ಗಂಭೀರ ಸಂಗೀತದ ಯಾವ ಪ್ಲೇಟು ಕೇಳಿದರೂ ಸಿಗುವ ಭಂಡಾರ, ತರತರದ ಲೌಡ್‌ಸ್ಪೀಕರುಗಳು, ದೊಡ್ಡ ಪಿಯಾನೊಗಳು. ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಅವನ ಸಂಗೀತ ಮುದ್ರಿಸುವುದಕ್ಕೆ ಹಣ ಕೊಡುತ್ತೇನೆಂದು ಮಹಾರಾಜರು ಒಪ್ಪಿದರು. ತನ್ನ ಮೂರೂ ಕನ್ಸರ್ಟೊಗಳನ್ನು ಮೆಟ್ನರ್ ಫಿಲ್ಹಾರ್ಮೊನಿಯಾ ವಾದ್ಯವೃಂದದ ಜೊತೆ ತಾನೇ ನುಡಿಸಿ ಮುದ್ರಿಸಿದ. ಮೂರನೆಯದನ್ನು ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ಮೈಸೂರಿನ ಹಣ ಹೋಗದಿದ್ದರೆ ಅವನ ಕೈಯಿಂದಲೇ ಈ ಮೂರನ್ನೂ ಕೇಳುವ ಭಾಗ್ಯ ಯಾರಿಗೆ ಇರುತ್ತಿತ್ತು?

ಇದಕ್ಕಿಂತಲೂ ನನ್ನನ್ನು ಕಾಡುವುದು ಇನ್ನೊಂದು. ರಚನಕಾರ ರಿಚರ್ಡ್ ಸ್ಟ್ರೌಸ್ 1949ರ ಸೆಪ್ಟೆಂಬರಿನಲ್ಲಿ ಸತ್ತ. ಅವನ ಕೊನೆಯ ನಾಲ್ಕು ಹಾಡುಗಳು ಮೊದಲು ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಡ್, ವಾದ್ಯವೃಂದ ನಡೆಸಿದ್ದು ಫುರ್ಟ್‌ವೆಂಗ್ಲರ್. ಕಛೇರಿಗೆ 4,800 ಡಾಲರಿನ ಖಾತರಿ ನಿಂತವರು ನಮ್ಮ ಮಹಾರಾಜರು. ಅವರು ಅಲ್ಲಿರಲಿಲ್ಲ. ಹಾಡಿದ್ದನ್ನು ಪ್ಲೇಟಿಗಿಳಿಸಿ ಮೈಸೂರಿಗೆ ಕಳಿಸಬೇಕೆಂಬುದೇ ಅವರ ಆಸೆ. ಅಷ್ಟರಲ್ಲಾಗಲೇ ಅವರ ಸಂಗ್ರಹದಲ್ಲಿ 20,000ದಷ್ಟು ಪ್ಲೇಟುಗಳಿದ್ದವೆಂಬ ಅಂದಾಜಿದೆ. ಅಂದು ಮುದ್ರಿಸಿದ್ದು ಅಸಿಟೇಟಿನ ಮೇಲೆ. ಅದು ಲೋಹದ ತಗಡಿಗೆ ಬಳಿದ ಮೆದು ಲೇಪ, ಸೂಜಿ ಓಡಿದಾಗಲೆಲ್ಲ ಒಂದಿಷ್ಟು ಧ್ವನಿ ಕೆರೆದುಹೋಗುತ್ತದೆ. ಈಗ ನಮಗೆ ಸಿಗುವುದು ಹಾಗೆ ಸವೆದ ಮುದ್ರಿಕೆಯ ಪ್ರತಿ. ಸಿಡಿಯಲ್ಲೂ ಬಂದಿದೆ. ಪಿಟೀಲುಗಳು ಗಾಳಿಮಳೆಯ ಆಚೆ ನುಡಿಸಿದಂತೆ ಕೇಳುತ್ತವೆ, ಫ್ಲಾಗ್‌ಸ್ಟಡ್‌ಳ ಕಂಠ ಮಾತ್ರ ಅದನ್ನೆಲ್ಲ ಸೀಳಿಕೊಂಡು ಬರುತ್ತದೆ. ಇವೇ ಹಾಡುಗಳ ಸ್ಟೀರಿಯೊ ಮುದ್ರಿಕೆಗಳು ಎಷ್ಟೋ ಇವೆ. ನಾನು ಮತ್ತೆ ಮತ್ತೆ ಹಾಕುವುದು ಇದನ್ನೇ.

ಮೆಟ್ನರ್ ಸೊಸೈಟಿಯ ಪ್ಲೇಟುಗಳಿಗೆ ಬಂದರೆ, ಅವು 78ರ ಸೆಟ್ಟುಗಳು. ಒಂದು ಕನ್ಸರ್ಟೊ ಹಲವು ಮಗ್ಗುಲುಗಳಿಗೆ ಹರಡಿಕೊಂಡಿರುತ್ತದೆ. ಒಂದು ಒಡೆದರೆ ಸೆಟ್ಟೇ ಹೋಯಿತೆಂದು ಉಳಿದವನ್ನೂ ಎಸೆಯುವವರಿದ್ದಾರೆ. ಮೈಸೂರಿನ ಹಳೆಯ ಮನೆಗಳ ಅಟ್ಟದಿಂದಲೋ ರದ್ದಿ ಅಂಗಡಿಯಿಂದಲೋ ಬಿಡಿ ಪ್ಲೇಟು ಸಿಕ್ಕರೂ ಬಿಡಬೇಡಿ. ಇನ್ನರ್ಧ ಬೇರೊಬ್ಬರ ಮನೆಯಲ್ಲಿರಬಹುದು. ಗಾಂಧಾರಿಯ ಹೆಸರು ಕಂಡರಂತೂ ಬೆಳಕಿಗೆ ಹಿಡಿದು ನೋಡುವ ಗೋಜಿಗೇ ಹೋಗಬೇಡಿ, ಎತ್ತಿಕೊಳ್ಳಿ. ಮನೆಗೆ ತಂದಮೇಲೆ ನೀರಿಗೆ ಒಂದೆರಡು ಹನಿ ಸೋಪು ಹಾಕಿ, ಲೇಬಲ್ಲು ನೆನೆಯದಂತೆ, ಗೆರೆ ಹೋದ ದಿಕ್ಕಿನಲ್ಲೇ ಮೆತ್ತಗೆ ಒರೆಸಿ. ಸ್ಪಿರಿಟ್ ಮಾತ್ರ ಹತ್ತಿರ ತರಬೇಡಿ, ಅರಗು ಅದರಲ್ಲಿ ಕರಗುತ್ತದೆ.