ಲೆನಿನ್‌ಗ್ರಾಡ್ ಪಂಥ: ಅಂದಾಜಿನ ಬಲ, ಅಂದಾಜಿನ ಎಲ್ಲೆ

ಆಂಶಿಕ ಅವಕಲ ಸಮೀಕರಣಗಳ ಲೋಕದಲ್ಲಿ ಲೆನಿನ್‌ಗ್ರಾಡ್ ಪಂಥ ಎಂದರೆ ಬಹುಮಟ್ಟಿಗೆ ಓಲ್ಗಾ ಲಾದಿಜೆನ್ಸ್ಕಾಯಾ. ಹೆಚ್ಚಿನ ಸಮೀಕರಣಗಳಿಗೆ ಪರಿಹಾರದ ಸೂತ್ರ ಸಿಗುವುದಿಲ್ಲ. ಸಿಗದಿದ್ದರೂ ಆ ಪರಿಹಾರದ ಬಗ್ಗೆ ಎಷ್ಟನ್ನು ಖಚಿತವಾಗಿ ಹೇಳಬಹುದು ಎಂಬುದೇ ಈ ಪಂಥದ ಪ್ರಶ್ನೆ. ಅದು ನೆಚ್ಚಿಕೊಂಡ ಸಾಧನ ಅಂದಾಜು: ಪರಿಹಾರ ಇದ್ದದ್ದೇ ಆದರೆ ಇಷ್ಟನ್ನು ಮೀರಲಾರದು ಎಂದು ಮುಂಚಿತವಾಗಿಯೇ ಸಾಧಿಸಿ ತೋರಿಸುವ ಅಸಮಾನತೆ. ಪಂಥದ ದೊಡ್ಡತನ, ಅದು ತಲುಪಿದ ಗಡಿ ಎರಡೂ ಈ ನೆಚ್ಚಿಕೆಯಿಂದಲೇ ಬಂದವು ಎಂಬುದು ನನ್ನ ಎಣಿಕೆ.

ಲಾದಿಜೆನ್ಸ್ಕಾಯಾ ಹುಟ್ಟಿದ್ದು 1922ರಲ್ಲಿ, ರಷ್ಯಾದ ಕೊಲೊಗ್ರಿವ್ ಎಂಬ ಸಣ್ಣ ಊರಿನಲ್ಲಿ. ಗಣಿತದ ಮೇಷ್ಟ್ರಾಗಿದ್ದ ತಂದೆಯನ್ನು 1937ರಲ್ಲಿ ಸ್ಟಾಲಿನ್ ಆಡಳಿತ ಬಂಧಿಸಿ ಕೊಂದಿತು. ಅಂಥವರ ಮಗಳೆಂಬ ಕಾರಣಕ್ಕೆ ಲೆನಿನ್‌ಗ್ರಾಡ್ ವಿಶ್ವವಿದ್ಯಾಲಯ ಆಕೆಗೆ ಪ್ರವೇಶ ಕೊಡಲಿಲ್ಲ. ಮಾಸ್ಕೋದಲ್ಲಿ ಓದಿ 1947ರಲ್ಲಿ ಲೆನಿನ್‌ಗ್ರಾಡಿಗೇ ಬಂದವರು, ಗಣಿತಜ್ಞ ಸ್ಮಿರ್ನೋವ್ ಜೊತೆ ಕಟ್ಟಿದ ವಿಚಾರಗೋಷ್ಠಿಯನ್ನು ದಶಕಗಳ ಕಾಲ ನಡೆಸಿದರು. ಉರಾಲ್ತ್ಸೆವಾ, ಸೊಲೊನ್ನಿಕೋವ್, ಫದ್ದೇಯೆವ್ ಎಲ್ಲರೂ ಆ ನೆರಳಿನಲ್ಲೇ ಬೆಳೆದವರು.

ಅವರ ಕೆಲಸದ ಹದ ತಿಳಿಯಬೇಕಾದರೆ ಅವರ ಹೆಸರಿನ ಅಸಮಾನತೆಯನ್ನೇ ನೋಡಬೇಕು. ನೀರು, ಗಾಳಿಯಂಥ ಹರಿಯುವ ವಸ್ತುಗಳ ಚಲನೆಯನ್ನು ಹೇಳುವ ನೇವಿಯರ್–ಸ್ಟೋಕ್ಸ್ ಸಮೀಕರಣದಲ್ಲಿ ವೇಗವೇ ವೇಗವನ್ನು ಎಳೆದೊಯ್ಯುವ ಒಂದು ಪದವಿದೆ, ತೊಡಕೆಲ್ಲ ಅಲ್ಲಿಯೇ. ಆ ಪದವನ್ನು ಹಿಡಿತದಲ್ಲಿಡಲು ವೇಗದ ನಾಲ್ಕನೆಯ ಘಾತದ ಅನುಕಲವನ್ನು ಅಂದಾಜಿಸಬೇಕು. ಎರಡು ಆಯಾಮದಲ್ಲಿ ಅದು ವೇಗದ ವರ್ಗದ ಅನುಕಲ ಮತ್ತು ವೇಗದ ಪ್ರವಣತೆಯ ವರ್ಗದ ಅನುಕಲ, ಈ ಎರಡರ ಗುಣಲಬ್ಧದ ಒಂದು ಸ್ಥಿರ ಗುಣಕವನ್ನು ಮೀರುವುದಿಲ್ಲ. ಪ್ರವಣತೆಯ ಅನುಕಲದ ಘಾತ ಇಲ್ಲಿ ಸರಿಯಾಗಿ ಒಂದು. ಶಕ್ತಿಯ ಲೆಕ್ಕಾಚಾರ ಸ್ನಿಗ್ಧತೆಯ ಮೂಲಕ ಕೊಡುವ ಹಿಡಿತವೂ ಅಷ್ಟೇ. ಎರಡೂ ಕೂಡಿಬರುತ್ತವೆ, ಪರಿಹಾರ ಒಂದೇ ಎಂದು ಸಿದ್ಧವಾಗುತ್ತದೆ. ಲೆರೇ 1930ರ ದಶಕದಲ್ಲೇ ಗೋಡೆಗಳಿಲ್ಲದ ಸಮತಲದಲ್ಲಿ ಇದನ್ನು ಮಾಡಿದ್ದರು. ಗೋಡೆಗಳ ನಡುವಣ ಹರಿವಿಗೆ ಲಾದಿಜೆನ್ಸ್ಕಾಯಾ 1950ರ ದಶಕದ ಕೊನೆಗೆ ಮಾಡಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಲಿಯೋನ್ಸ್ ಮತ್ತು ಪ್ರೋದಿ ಕೂಡ ಅಲ್ಲಿಗೆ ತಲುಪಿದರು.

ಮೂರು ಆಯಾಮಕ್ಕೆ ಬಂದೊಡನೆ ಅದೇ ಪ್ರವಣತೆಯ ಅನುಕಲದ ಘಾತ ಒಂದೂವರೆಯಾಗುತ್ತದೆ. ಶಕ್ತಿ ಕೊಡುವುದು ಒಂದೇ. ಉಳಿದ ಅರ್ಧವನ್ನು ತುಂಬಿಕೊಡುವ ಅಂದಾಜು ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಮೂರು ಆಯಾಮದ ಹರಿವು ಸದಾ ನಯವಾಗಿಯೇ ಉಳಿಯುತ್ತದೆಯೇ ಎಂದು ಕೇಳುವ, 2000ದಲ್ಲಿ ಕ್ಲೇ ಗಣಿತ ಸಂಸ್ಥೆ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟ ಪ್ರಶ್ನೆಯ ಕಷ್ಟ ಇರುವುದು ಇಲ್ಲೇ.

ಪಂಥದ ಇನ್ನೊಂದು ದೊಡ್ಡ ಫಲ ಪರಿಹಾರಗಳು ನಯವಾಗಿರಲೇಬೇಕೇ ಎಂದು ಕೇಳುವ ಹಿಲ್ಬರ್ಟನ ಹತ್ತೊಂಬತ್ತನೆಯ ಪ್ರಶ್ನೆಯ ಸುತ್ತಣದು. ದೆ ಜಾರ್ಜಿ ಮತ್ತು ನ್ಯಾಶ್ ತೆರೆದ ದಾರಿಯನ್ನು ಲಾದಿಜೆನ್ಸ್ಕಾಯಾ, ಉರಾಲ್ತ್ಸೆವಾ ಕ್ವಾಸಿಲೀನಿಯರ್ ಸಮೀಕರಣಗಳವರೆಗೆ ಹಿಗ್ಗಿಸಿದರು. 1967ರಲ್ಲಿ ಸೊಲೊನ್ನಿಕೋವ್ ಕೂಡ ಸೇರಿ ಬರೆದ ಪ್ಯಾರಾಬೋಲಿಕ್ ಸಮೀಕರಣಗಳ ಗ್ರಂಥವನ್ನು ಈಗಲೂ ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಓದುತ್ತಾರೆಯೇ? ಬೇಕಾದ ಪ್ರಮೇಯವನ್ನು ಹುಡುಕಿ ತೆಗೆದುಕೊಂಡು ಹೋಗುವವರೇ ಹೆಚ್ಚು. ಪ್ರತಿ ಸ್ಥಿರಾಂಕವೂ ಯಾವುದನ್ನು ಅವಲಂಬಿಸಿದೆ ಎಂದು ಬಿಡದೆ ನಮೂದಿಸುವ ಆ ಪ್ರಾಮಾಣಿಕತೆ ನನಗೆ ಪೂಜ್ಯ. ಆದರೂ ಇಷ್ಟು ಅಂದಾಜುಗಳ ಹಿಂದಿನ ಮುಖ್ಯ ಕಲ್ಪನೆ ಯಾವುದು ಎಂದು ಲೇಖಕರು ನಿಂತು ಹೇಳುವುದು ಅಪರೂಪ. ಹೊಸಬರಿಗೆ ಈ ಮೌನ ದುಬಾರಿ. ಲಿಯೋನ್ಸರ ಫ್ರೆಂಚ್ ಬಳಗ ಈ ವಿಷಯದಲ್ಲಿ ಹೆಚ್ಚು ಉದಾರಿ.

ಮೂರು ಆಯಾಮದ ಪ್ರಶ್ನೆಯ ಎದುರು ಲಾದಿಜೆನ್ಸ್ಕಾಯಾ ತಳೆದ ನಿಲುವು ಚರ್ಚೆಗೆ ಯೋಗ್ಯವಾದದ್ದು. 1966ರ ಮಾಸ್ಕೋ ಗಣಿತ ಸಮ್ಮೇಳನದಲ್ಲಿ ಅವರು, ಪ್ರವಣತೆ ಏರಿದಂತೆ ಸ್ನಿಗ್ಧತೆಯೂ ಏರುವ ಪರಿಷ್ಕೃತ ಸಮೀಕರಣಗಳನ್ನು ಮುಂದಿಟ್ಟರು. ಅಲ್ಲಿ ಏಕೈಕತೆ ಸಾಧಿಸಬಹುದು. ಪ್ರಶ್ನೆ ಬಗೆಹರಿಯದಾಗ ಸಮೀಕರಣವನ್ನೇ ಬದಲಿಸುವುದು ಜಾರಿಕೆ ಎಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ಕಾಣುವುದಿಲ್ಲ. ಮೂಲ ಸಮೀಕರಣಕ್ಕೆ ದುರ್ಬಲ ಪರಿಹಾರಗಳು, ಅಂದರೆ ನಯವಿಲ್ಲದಿದ್ದರೂ ಅನುಕಲದ ಅರ್ಥದಲ್ಲಿ ಸಮೀಕರಣವನ್ನು ಪಾಲಿಸುವವು, ಒಂದಕ್ಕಿಂತ ಹೆಚ್ಚಿರಬಹುದೆಂಬ ಗುಮಾನಿ ಅವರಿಗೆ ಮೊದಲಿನಿಂದಲೂ ಇತ್ತು. 1969ರಲ್ಲಿ ಕಾಲದೊಡನೆ ಬದಲಾಗುವ ಪ್ರದೇಶವೊಂದರಲ್ಲಿ ಅಂಥ ಉದಾಹರಣೆಯನ್ನೂ ಕಟ್ಟಿದ್ದರು. ಆಲ್ಬ್ರಿಟನ್, ಬ್ರೂಯೆ, ಕೊಲೊಂಬೊ 2022ರಲ್ಲಿ ಹೊರಬಲವಿರುವ ಹರಿವಿನಲ್ಲಿ ಲೆರೇ ಪರಿಹಾರವೆಂಬ ದುರ್ಬಲ ಪರಿಹಾರ ಏಕೈಕವಲ್ಲ ಎಂದು ತೋರಿಸಿದ ಮೇಲೆ ಆ ಗುಮಾನಿಗೆ ತೂಕ ಬಂದಿದೆ.

ಅಂದಾಜಿನ ದಾರಿ ಬತ್ತಿಹೋಯಿತೆನ್ನಲೂ ಆಗದು. ಇದೇ ಪಂಥದ ಸೆರೆಗಿನ್, ಎಸ್ಕೌರಿಯಾಸಾ ಮತ್ತು ಶ್ವೆರಾಕ್ ಜೊತೆ 2003ರಲ್ಲಿ ಸಾಧಿಸಿದ್ದು ಇದು: ವೇಗದ ಮೂರನೆಯ ಘಾತದ ಅನುಕಲ ಎಲ್ಲ ಕ್ಷಣಗಳಲ್ಲೂ ಒಂದು ಮಿತಿಯೊಳಗೆ ನಿಂತರೆ ಹರಿವು ನಯವಾಗಿಯೇ ಉಳಿಯುತ್ತದೆ. ಒಂದು ಭಾಗದಲ್ಲಿ ಶೂನ್ಯವಾದ ಪರಿಹಾರ ಉಳಿದೆಡೆಯೂ ಶೂನ್ಯ ಎಂದು ಸಾಧಿಸುವ ಅನನ್ಯ ಮುಂದುವರಿಕೆಯ ವಿಧಾನ ಸೇರಿದ್ದರಿಂದ ಅದು ಸಾಧ್ಯವಾಯಿತು, ಬರಿಯ ಶಕ್ತಿಯ ಲೆಕ್ಕದಿಂದಲ್ಲ. ಆ ಮಿತಿ ತಾನಾಗಿಯೇ ನಿಲ್ಲುತ್ತದೆಯೇ ಎಂಬುದನ್ನು ಮಾತ್ರ ಇನ್ನೂ ಯಾರೂ ತೋರಿಸಿಲ್ಲ.