ಮೂವತ್ತಾರು ಸಲ ಅದೇ ಐದು ಸ್ವರ

ಬೀಥೋವನ್‌ನ ಆರನೆಯ ಸಿಂಫನಿ 'ಪ್ಯಾಸ್ಟೊರಲ್' ಅನ್ನು ಹೊಸದಾಗಿ ಕೇಳಹೊರಟವರಿಗೆ ಎಲ್ಲರೂ ಮೊದಲು ಹೇಳುವುದು ಹಕ್ಕಿಗಳ ಸುದ್ದಿ. ಎರಡನೆಯ ಭಾಗದ ಕೊನೆಯಲ್ಲಿ ಕೊಳಲು ನೈಟಿಂಗೇಲ್ ಆಗಿ ಉಲಿಯುತ್ತದೆ, ಓಬೋ ಲಾವುಗೆಯಾಗುತ್ತದೆ, ಎರಡು ಕ್ಲಾರಿನೆಟ್‌ಗಳು ಸೇರಿ ಕೋಗಿಲೆಯಾಗುತ್ತವೆ. ಹಕ್ಕಿಗಳ ಹೆಸರನ್ನು ಬೀಥೋವನ್ ತಾನೇ ಸ್ವರಲಿಪಿಯಲ್ಲಿ ಬರೆದಿಟ್ಟಿದ್ದಾನೆ. ಆಮೇಲೆ ಹೇಳುವುದು ನಾಲ್ಕನೆಯ ಭಾಗದ ಗುಡುಗು ಮಳೆಯನ್ನು. ಎರಡೂ ಸೊಗಸಾಗಿವೆ. ಆದರೂ ಈ ಕೃತಿಯ ಸಂತೋಷದ ಬೇರು ಮೊದಲ ಭಾಗದ ನಡುವೆ, ಮೇಲ್ನೋಟಕ್ಕೆ ಏನೇನೂ ನಡೆಯದ ಒಂದು ಜಾಗದಲ್ಲಿದೆ ಎಂದು ನಾನು ನಂಬಿದ್ದೇನೆ.

ಸಿಂಫನಿ ಶುರುವಾಗುವಾಗಲೇ ವಯೋಲಾ ಮತ್ತು ಚೆಲ್ಲೊಗಳು ಷಡ್ಜ-ಪಂಚಮ ಹಿಡಿದು ನಿಲ್ಲುತ್ತವೆ. ಯುರೋಪಿನ ಹಳ್ಳಿಯ ವಾದ್ಯಗಳಿಗೆ ಇಂಥದೊಂದು ಬಿಡದ ಶ್ರುತಿ ಇರುತ್ತಿತ್ತು. ಅದರ ಮೇಲೆ ಪಿಟೀಲುಗಳು ನಾಲ್ಕು ಬಾರ್‌ಗಳ, ಅಂದರೆ ನಾಲ್ಕು ತಾಳದ ಸುತ್ತುಗಳ, ಪುಟ್ಟ ರಾಗವೊಂದನ್ನು ನುಡಿಸಿ, ಉಸಿರು ತೆಗೆದುಕೊಳ್ಳಲು ನಿಂತಂತೆ ನಿಂತುಬಿಡುತ್ತವೆ. ಆ ರಾಗದ ಎರಡನೆಯ ಬಾರ್‌ನಲ್ಲಿ ಐದೇ ಐದು ಸ್ವರಗಳಿವೆ. ಅದನ್ನು ಕಿವಿಯಲ್ಲಿ ಇಟ್ಟುಕೊಳ್ಳಿ. ನಾಲ್ಕೈದು ನಿಮಿಷ ಕಳೆದ ಮೇಲೆ, ಈ ವಸ್ತುಗಳನ್ನೆಲ್ಲ ಬಿಚ್ಚಿ ಬೆಳೆಸಬೇಕಾದ ಘಟ್ಟದಲ್ಲಿ, ಬೀಥೋವನ್ ಆ ಐದು ಸ್ವರಗಳನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಹನ್ನೆರಡು ಬಾರ್ ಬಿ ಫ್ಲಾಟ್‌ನಲ್ಲಿ ಅದೇ, ಮತ್ತೆ ಇಪ್ಪತ್ನಾಲ್ಕು ಬಾರ್ ಡಿ ಮೇಜರ್‌ನಲ್ಲಿ ಅದೇ. ಒಟ್ಟು ಮೂವತ್ತಾರು ಸಲ. ಅಷ್ಟಕ್ಕೂ ಮುಗಿಯದೆ, ಸ್ವಲ್ಪ ತಡೆದು, ಬೇರೆ ಎರಡು ಶ್ರುತಿಗಳಲ್ಲಿ ಮತ್ತೆ ಅದನ್ನೇ ಎತ್ತಿಕೊಳ್ಳುತ್ತಾನೆ.

ಇದೇ ಮನುಷ್ಯ ಅದೇ ಕಾಲದಲ್ಲಿ ಐದನೆಯ ಸಿಂಫನಿಯನ್ನೂ ಬರೆಯುತ್ತಿದ್ದ. ಅಲ್ಲಿಯೂ ನಾಲ್ಕು ಸ್ವರಗಳ ತುಣುಕೊಂದು ಮರಳಿ ಮರಳಿ ಬರುತ್ತದೆ, ಆದರೆ ಬಂದಾಗಲೆಲ್ಲ ನಮ್ಮನ್ನು ಮುಂದಕ್ಕೆ ದಬ್ಬುತ್ತದೆ. ಇಲ್ಲಿ ಯಾರೂ ದಬ್ಬುವವರಿಲ್ಲ. ಸ್ವರಗಳು ಅವೇ. ನಾದದ ತೂಕ ಏರುತ್ತದೆ, ವಾದ್ಯಗಳು ಬದಲಾಗುತ್ತವೆ, ಬಿ ಫ್ಲಾಟ್‌ನಿಂದ ಡಿಗೆ ಹೊರಳುವ ಕ್ಷಣದಲ್ಲಿ ಮೋಡ ಸರಿದು ಬಯಲಿಗೆಲ್ಲ ಬಿಸಿಲು ಬೀಳುತ್ತದೆ. ನಮ್ಮ ಕಛೇರಿಗಳಲ್ಲಿ ನೆರವಲ್ ಕೇಳಿ ಬೆಳೆದ ಕಿವಿಗೆ ಈ ಜಾಗ ಬೇಗ ಒಲಿಯಬೇಕು. ಒಂದೇ ಸಾಲನ್ನು ವಿದ್ವಾಂಸರು ಹತ್ತು ಬಣ್ಣದಲ್ಲಿ ಹಾಡುವಾಗ ಸಾಲು ಮುಂದಕ್ಕೆ ಹೋಗಲಿಲ್ಲವೆಂದು ಯಾರೂ ಚಡಪಡಿಸುವುದಿಲ್ಲವಲ್ಲ.

ಹಾಗಾಗಿ ಈ ಸಿಂಫನಿಯ ಯಾವ ಧ್ವನಿಮುದ್ರಣ ಕೈಗೆ ಬಂದರೂ ನಾನು ಮೊದಲು ನೋಡುವುದು ಈ ಮೂವತ್ತಾರು ಬಾರ್‌ಗಳನ್ನು. ನಿರ್ದೇಶಕರಿಗೆ ಇಲ್ಲಿ ಅವಸರವಾದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ನನಗೆ ರುಚಿಸದು. ಇಂದು ಬರೆಯಹೊರಟಿರುವ ಎರಡು ಧ್ವನಿಮುದ್ರಣಗಳು ಈ ಪರೀಕ್ಷೆಯಲ್ಲಿ ಗೆದ್ದವು, ಅದೂ ಒಂದಕ್ಕೊಂದು ತೀರಾ ವಿರುದ್ಧವಾದ ಹಾದಿಯಲ್ಲಿ.

ಒಟ್ಟೊ ಕ್ಲೆಂಪರರ್ 1957ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದೊಂದಿಗೆ ಇದನ್ನು ಮುದ್ರಿಸಿದರು. ಮೂರು ತಿಂಗಳ ನಂತರ, 1958ರ ಜನವರಿಯಲ್ಲಿ, ಬ್ರೂನೊ ವಾಲ್ಟರ್ ಹಾಲಿವುಡ್‌ನ ಅಮೆರಿಕನ್ ಲೀಜನ್ ಹಾಲ್‌ನಲ್ಲಿ ಕೊಲಂಬಿಯಾ ಸಿಂಫನಿ ಆರ್ಕೆಸ್ಟ್ರಾದಿಂದ ಇದನ್ನೇ ನುಡಿಸಿದರು. ಸ್ಟೀರಿಯೊ ಆಗತಾನೆ ಬರುತ್ತಿದ್ದ ಕಾಲ. ಇಬ್ಬರೂ ಜರ್ಮನ್ ಯಹೂದಿಗಳು, ಇಬ್ಬರೂ ಸಂಗೀತಕಾರ ಮಾಹ್ಲರ್‌ನ ನೆರಳಿನಲ್ಲಿ ಬೆಳೆದವರು, 1933ರಲ್ಲಿ ಹಿಟ್ಲರ್‌ನ ದೆಸೆಯಿಂದ ಇಬ್ಬರೂ ಜರ್ಮನಿ ಬಿಟ್ಟವರು. ಆಗ ವಾಲ್ಟರ್‌ಗೆ 81, ಕ್ಲೆಂಪರರ್‌ಗೆ 72. ವಾಲ್ಟರ್ ಹಿಂದಿನ ವರ್ಷವಷ್ಟೇ ಹೃದಯಾಘಾತದಿಂದ ಚೇತರಿಸಿಕೊಂಡಿದ್ದರು. ಅವರ ಮನೆ ಬೆವರ್ಲಿ ಹಿಲ್ಸ್‌ನಲ್ಲಿದ್ದುದರಿಂದ ಕೊಲಂಬಿಯಾ ಕಂಪನಿ ಲಾಸ್ ಏಂಜಲೀಸ್‌ನ ವಾದಕರನ್ನೇ ಕಲೆಹಾಕಿ ಅವರಿಗಾಗಿ ವಾದ್ಯವೃಂದ ಕಟ್ಟಿಕೊಟ್ಟಿತ್ತು. 1939ರಲ್ಲಿ ಮಿದುಳಿನ ಗೆಡ್ಡೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಕ್ಲೆಂಪರರ್ ಅವರ ಬಲಭಾಗದಲ್ಲಿ ಸ್ವಾಧೀನ ಕಡಿಮೆಯಾಗಿತ್ತು. ಕುರ್ಚಿಯಲ್ಲಿ ಕೂತೇ ವಾದ್ಯವೃಂದ ನಡೆಸುತ್ತಿದ್ದರು.

ಆ ಐದು ಸ್ವರಗಳು ವಾಲ್ಟರ್ ಕೈಯಲ್ಲಿ ಪ್ರತಿ ಸಲವೂ ಕೊಂಚ ಬೇರೆಯಾಗುತ್ತವೆ. ನಾದ ಕೆಳಗಿನಿಂದ ಉಬ್ಬಿ ಬರುತ್ತದೆ, ಪಿಟೀಲುಗಳು ಒಂದಿಷ್ಟು ಬಾಗುತ್ತವೆ, ಡಿ ಮೇಜರ್‌ಗೆ ಬರುವಾಗ ಲಯವನ್ನು ಕೂದಲೆಳೆಯಷ್ಟು ಸಡಿಲ ಬಿಟ್ಟು ಮತ್ತೆ ಹಿಡಿದರೇನೋ ಅನ್ನಿಸುತ್ತದೆ. ಪ್ರತಿ ಸುತ್ತಿನಲ್ಲೂ ಪ್ರೀತಿ ಕಾಣುತ್ತದೆ. ಕ್ಲೆಂಪರರ್ ಹಾಗೆ ಏನನ್ನೂ ತೋರಿಸುವುದಿಲ್ಲ. ಲಯ ಅಲುಗಾಡದು. ಸುಷಿರ ವಾದ್ಯಗಳು ಮುಂದೆ ಬಂದು ಒಂದೊಂದೂ ಬಿಡಿಯಾಗಿ ಕೇಳುತ್ತವೆ. ಎರಡನೆಯ ಸಾಲಿನ ಪಿಟೀಲುಗಳನ್ನು ಅವರು ತಮ್ಮ ಬಲಕ್ಕೆ ಕೂರಿಸುತ್ತಿದ್ದರು. ಹೀಗಾಗಿ ಎಡದ ಮಾತಿಗೆ ಬಲದ ಉತ್ತರ ಸ್ಪೀಕರ್‌ಗಳ ನಡುವೆ ನಿಚ್ಚಳವಾಗಿ ಹರಿಯುತ್ತದೆ. ಹಲವು ಸಲ ಕೇಳಿದ ಮೇಲೆ ಆ ನಿಶ್ಚಲತೆಯೂ ಒಂದು ಬಗೆಯ ಸಂತೋಷವೇ ಎಂದು ನನಗೆ ತಿಳಿಯಿತು.

ಲಂಡನ್ನಿನ ಈ ವಾದ್ಯವೃಂದಕ್ಕೂ ಮೈಸೂರಿಗೂ ಒಂದು ನಂಟಿದೆ. ವಾಲ್ಟರ್ ಲೆಗ್ ಎಂಬ ರೆಕಾರ್ಡ್ ನಿರ್ಮಾಪಕರು 1945ರಲ್ಲಿ ಫಿಲ್‌ಹಾರ್ಮೋನಿಯಾವನ್ನು ಕಟ್ಟಿದರು. ಅದರ ಎಳವೆಯಲ್ಲಿ ಹಣ ಕೊಟ್ಟು ನಿಲ್ಲಿಸಿದವರಲ್ಲಿ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಮುಖ್ಯರು. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ಮಹಾರಾಜರು ಪಿಯಾನೊವನ್ನೂ ಶ್ರದ್ಧೆಯಿಂದ ಕಲಿತಿದ್ದರು. ರಷ್ಯದ ಸಂಗೀತಕಾರ ಮೆಟ್ನರ್‌ನ ಸಂಗೀತವನ್ನು ಆತನಿಂದಲೇ ನುಡಿಸಿ ಮುದ್ರಿಸಲು ನೆರವಾದರು. ಕ್ಲೆಂಪರರ್ ಕೈಗೆ ಸಿಕ್ಕ ಆ ಹದವಾದ ವಾದ್ಯವೃಂದದ ಹಿಂದೆ ಮೈಸೂರಿನ ಒಬ್ಬ ರಸಿಕರ ಅಭಿರುಚಿ ಇತ್ತು ಎಂಬುದು ನಮ್ಮ ಸಂಗೀತದ ಚರಿತ್ರೆಯಲ್ಲೂ ದಾಖಲಾಗಬೇಕಾದ ಮಾತು.

ಮೂರನೆಯ ಭಾಗ ರೈತರ ಕುಣಿತ. ಊರ ವಾದ್ಯಗಾರರಲ್ಲಿ ಓಬೋದವನು ತಾಳ ತಪ್ಪಿದಂತೆ ನುಡಿಸುತ್ತಾನೆ, ಬಸೂನಿನವನಿಗೆ ಬರುವುದೇ ಬೆರಳೆಣಿಕೆಯ ಸ್ವರಗಳು, ಅವನ್ನೇ ನಡುನಡುವೆ ಒದಗಿಸುತ್ತಾನೆ. ಇದನ್ನು ಕ್ಲೆಂಪರರ್ ಬಲು ನಿಧಾನವಾಗಿ ನಡೆಸುತ್ತಾರೆ. ಲೆಗ್ ಅವರಿಗೇ ಇದು ಅತಿಯಾಯಿತೆನಿಸಿ ಕೇಳಿದಾಗ, ಅಭ್ಯಾಸವಾಗುತ್ತದೆ ಬಿಡಿ ಎಂಬರ್ಥದ ಉತ್ತರ ಬಂತೆಂಬ ಪ್ರಸಂಗ ರಸಿಕರ ನಡುವೆ ಪ್ರಸಿದ್ಧ. ನನಗೆ ಇನ್ನೂ ಅಭ್ಯಾಸವಾಗಿಲ್ಲ. ಈ ಭಾಗಕ್ಕೆ ವಾಲ್ಟರ್ ಅವರೇ ಸರಿ. ಅವರ ರೈತರು ನಿಜಕ್ಕೂ ಕುಣಿಯುತ್ತಾರೆ.

ಮಳೆ ಬಂದಾಗ ಮಾತ್ರ ತಕ್ಕಡಿ ಕ್ಲೆಂಪರರ್ ಕಡೆಗೆ ವಾಲುತ್ತದೆ. ಬೀಥೋವನ್ ಅಲ್ಲಿ ಮಾಡಿದ ಕೆಲಸವನ್ನು ಹತ್ತಿರದಿಂದ ನೋಡಬೇಕು. ಚೆಲ್ಲೊಗಳು ಒಂದು ಎಣಿಕೆಯಲ್ಲಿ ಐದು ಸ್ವರ ಓಡಿಸುವಾಗ ಡಬಲ್ ಬೇಸ್‌ಗಳು ಅದೇ ಎಣಿಕೆಯಲ್ಲಿ ನಾಲ್ಕನ್ನು ಓಡಿಸುತ್ತವೆ. ಒಂದಕ್ಕೊಂದು ಹೊಂದದೆ ಅವು ಕಲಸಿಹೋಗಿ, ಸ್ವರವೇ ಕೇಳದೆ, ಬರೀ ಗುಡುಗು ಉಳಿಯುತ್ತದೆ. ನಗಾರಿಗಳಾದ ಟಿಂಪನಿಗೂ ಪಿಕಲೊಗೂ ಇಡೀ ಸಿಂಫನಿಯಲ್ಲಿ ಕೆಲಸವಿರುವುದು ಈ ಭಾಗದಲ್ಲಿ ಮಾತ್ರ, ಅಲ್ಲಿಯವರೆಗೆ ಸುಮ್ಮನೆ ಕೂತಿರಬೇಕು. ಕ್ಲೆಂಪರರ್ ಅವರಲ್ಲಿ ಆ ಕಲಸಿದ ಗುಡುಗು ನೆಲದಿಂದ ಏಳುತ್ತದೆ. ದಯವಿಟ್ಟು ಇದನ್ನು ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಕೆಳಗಿನ ಸ್ವರಗಳೆಲ್ಲ ಸೋರಿಹೋಗಿ ಮಳೆ ಬರೀ ತುಂತುರಾಗುತ್ತದೆ. ಒಳ್ಳೆಯ ಹೆಡ್‌ಫೋನ್ ಸಾಕು.

ಕೊನೆಯ ಮೂರು ಭಾಗಗಳ ನಡುವೆ ನಿಲುಗಡೆಯಿಲ್ಲ. ಗುಡುಗು ದೂರ ಸರಿದಂತೆ ಕೊಳಲೊಂದು ಮೆಟ್ಟಿಲು ಹತ್ತಿ, ಕ್ಲಾರಿನೆಟ್ ಕುರುಬನ ರಾಗ ತೆಗೆಯುತ್ತದೆ, ಹಾರ್ನ್ ಅದಕ್ಕೆ ದನಿಗೂಡಿಸುತ್ತದೆ. ಇಲ್ಲಿ ನನಗೆ ನೆನಪಾಗುವುದು 1802ರಲ್ಲಿ ವಿಯೆನ್ನಾ ಬಳಿಯ ಹೈಲಿಗೆನ್‌ಶ್ಟಾಟ್‌ನಲ್ಲಿ ಬೀಥೋವನ್ ತಮ್ಮಂದಿರ ಹೆಸರಿಗೆ ಬರೆದು ಕಳಿಸದೆ ಇಟ್ಟ ಪತ್ರ. ಪಕ್ಕದಲ್ಲಿದ್ದವನಿಗೆ ದೂರದ ಕುರುಬನ ಹಾಡು ಕೇಳಿತು, ತನಗೆ ಕೇಳಲಿಲ್ಲ ಎಂಬ ಸಂಕಟ ಅದರಲ್ಲಿದೆ. 1808ರ ಬೇಸಿಗೆಯನ್ನು ಅವನು ಕಳೆದದ್ದು ಅದೇ ಊರಲ್ಲಿ, ಈ ಸಿಂಫನಿ ಮುಗಿದದ್ದೂ ಆ ವರ್ಷವೇ. ಕುರುಬನ ಹಾಡು ಅದರಲ್ಲಿ ಇಷ್ಟು ತಿಳಿಯಾಗಿ ಬಂದಿದೆ. ಇದು ಚಿತ್ರ ಬರೆಯುವುದಕ್ಕಿಂತ ಹೆಚ್ಚಾಗಿ ಭಾವವನ್ನು ಹೇಳುವುದು ಎಂದು ಅವನೇ ತಿಳಿಸಿದ್ದು ಯಾಕೆಂದು ಈ ಜಾಗದಲ್ಲಿ ಅರ್ಥವಾಗುತ್ತದೆ.

ಮೊದಲ ಪ್ರದರ್ಶನ 1808ರ ಡಿಸೆಂಬರ್ 22ರಂದು, ವಿಯೆನ್ನಾದ ಥಿಯೇಟರ್ ಆನ್ ಡೆರ್ ವೀನ್‌ನಲ್ಲಿ. ಚಳಿ ಕೊರೆಯುವ ಸಭಾಂಗಣ, ನಾಲ್ಕು ಗಂಟೆಯ ಕಾರ್ಯಕ್ರಮ, ಐದನೆಯ ಸಿಂಫನಿಯೂ ಅಂದೇ. ಸಭೆ ಶುರುವಾದದ್ದು ಬೇಸಿಗೆಯ ಈ ಹಸಿರು ಸಂಗೀತದಿಂದ.

ಎರಡರಲ್ಲಿ ಒಂದನ್ನು ಆರಿಸಬೇಕೆಂದರೆ ವಾಲ್ಟರ್ ಅವರಿಂದ ಶುರುಮಾಡಿ. ಮೊದಲ ಭಾಗ ಮತ್ತು ತೊರೆಯ ದಡದ ಎರಡನೆಯ ಭಾಗವನ್ನು ಒಂದು ದಿನ, ಉಳಿದ ಮೂರನ್ನು ಮರುದಿನ ಕೇಳಿದರೂ ನಡೆಯುತ್ತದೆ, ಆದರೆ ಆ ಮೂರನ್ನು ಮಾತ್ರ ಕತ್ತರಿಸಬೇಡಿ. ಐದು ಸ್ವರಗಳು ಬಾಯಿಗೆ ಬಂದ ಮೇಲೆ ಕ್ಲೆಂಪರರ್ ಅವರನ್ನು ಹಾಕಿ, ಅದೂ ಮಳೆಗಾಲದಲ್ಲಿ, ದನಿ ಸ್ವಲ್ಪ ಏರಿಸಿ.