ಮೊದಲು ಕೋಟೆ, ಆಮೇಲೆ ಮ್ಯೂಸಿಯಂ

ಬಾದಾಮಿಯ ಉತ್ತರ ಕೋಟೆ ಇಳಿದು, ಗುಡ್ಡದ ಬುಡದಲ್ಲೇ ಇರುವ ಪುರಾತತ್ವ ಇಲಾಖೆಯ ಮ್ಯೂಸಿಯಂ ಹೊಕ್ಕವನಿಗೆ ಬರೆಯಲು ವಿಷಯ ಸಿಕ್ಕಿದೆ.

‘ಮೊದಲು ಮ್ಯೂಸಿಯಂ ನೋಡಿ, ಪೀಠಿಕೆಯಾಗುತ್ತದೆ’ ಎನ್ನುವವರೊಂದಿಗೆ ನನ್ನದು ಹಳೆಯ ತಕರಾರು. ಬಾದಾಮಿಯಲ್ಲಂತೂ ಆ ಮಾತು ಒಪ್ಪುವುದೇ ಇಲ್ಲ. ಮ್ಯೂಸಿಯಂ ಪಕ್ಕದ ಮೆಟ್ಟಿಲು ಹತ್ತಿದರೆ ಎರಡೂ ಬದಿಗೆ ಕೆಂಪು ಬಂಡೆ ನೆಟ್ಟಗೆ ಎದ್ದಿರುತ್ತದೆ, ನಡುವೆ ಇಕ್ಕಟ್ಟಾದ ದಾರಿ. ಅಲ್ಲಿ ನಿಂತು ಗೋಡೆಗೆ ಅಂಗೈ ಇಡಿ. ಮರಳುಗಲ್ಲಿನ ಪದರಗಳು ಒಂದರ ಮೇಲೊಂದು, ಕೆಲವು ಕಂದು, ಕೆಲವು ನಸುಹಳದಿ, ಅಡ್ಡಡ್ಡ ಸಾಗಿರುವುದು ಕಾಣುತ್ತದೆ. ಆಮೇಲೆ ಕೆಳಗಿಳಿದು ಶಿಲ್ಪಗಳ ಹತ್ತಿರ ಹೋಗಿ. ಗುಡ್ಡದ್ದೇ ಮೈಬಣ್ಣ ಅವುಗಳದ್ದು. ಕಲ್ಲನ್ನು ಮುಟ್ಟಿ ಬಂದವನಿಗೆ ಶಿಲ್ಪಿಯ ಕೆಲಸ ಕಾಣುತ್ತದೆ. ಮುಟ್ಟದವನಿಗೆ ಬರೀ ಫಲಕ ಕಾಣುತ್ತದೆ.

ಈ ಕೋಟೆಯ ಬಂಡೆಯ ಮೇಲಿರುವ ಶಕ 465ರ, ಅಂದರೆ ಕ್ರಿ.ಶ. 543ರ ಶಾಸನ ನನ್ನ ಅಚ್ಚುಮೆಚ್ಚಿನದು. ಅಶ್ವಮೇಧ ಮಾಡಿದ ಚಾಲುಕ್ಯ ವಲ್ಲಭೇಶ್ವರ, ಅಂದರೆ ಒಂದನೇ ಪುಲಕೇಶಿ, ಈ ವಾತಾಪಿ ಬೆಟ್ಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಗೆಲ್ಲಲಾಗದ ದುರ್ಗವನ್ನಾಗಿ ಮಾಡಿಸಿದ ಎಂಬುದು ಅದರ ತಾತ್ಪರ್ಯ. ನೂರು ವರ್ಷ ತುಂಬುವ ಹೊತ್ತಿಗೆ, 642ರಲ್ಲಿ, ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. ಅವನ ಶಾಸನವೂ ಇದೇ ಊರಿನ ಬಂಡೆಯ ಮೇಲಿದೆ. ಇವೆರಡೂ ಗುಂಡಿಗೆಯಲ್ಲಿ ಕೂತ ಮೇಲೆ ಮ್ಯೂಸಿಯಂನ ಒಡೆದ ಕಲ್ಲುಗಳು ಬೇರೆಯೇ ರೀತಿ ಮಾತಾಡುತ್ತವೆ.

ಇನ್ನು ಶಿಲ್ಪಗಳನ್ನೆಲ್ಲ ದೊಡ್ಡ ನಗರಕ್ಕೆ ಸಾಗಿಸಿದರೆ ನಾಲ್ಕು ಜನ ನೋಡುತ್ತಾರೆ ಎನ್ನುವವರು. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛಾವಣಿಯ ಬ್ರಹ್ಮ ಇಂದು ಮುಂಬೈಯ ಮ್ಯೂಸಿಯಂನಲ್ಲಿದ್ದಾನೆ. ಅವನನ್ನು ಚೆನ್ನಾಗಿಯೇ ಇಟ್ಟುಕೊಂಡಿದ್ದಾರೆ. ಆದರೆ ಕತ್ತೆತ್ತಿ ನೋಡಬೇಕಾದವನನ್ನು ಎದುರಿಗೆ ನಿಂತು ನೋಡುತ್ತೇವೆ. ತಲೆಯ ಮೇಲೆ ಆ ಗುಡಿಯ ಕತ್ತಲೆಯಿಲ್ಲ. 1979ರಲ್ಲಿ ಶಿಲ್ಪಗಳನ್ನು ಕೂಡಿಡುವ ಶೆಡ್ಡಾಗಿ ಶುರುವಾಗಿ, 1982ರಲ್ಲಿ ಮ್ಯೂಸಿಯಂ ಆದ ಬಾದಾಮಿಯ ಈ ಸಣ್ಣ ಕಟ್ಟಡದ ಹೆಚ್ಚುಗಾರಿಕೆ ಇದೇ: ಸಿಕ್ಕಿದ್ದು ಸಿಕ್ಕ ಸೀಮೆಯಲ್ಲೇ ಉಳಿಯಿತು.

ಲಜ್ಜಾಗೌರಿ ಉಳಿದದ್ದೂ ಹಾಗೆಯೇ. ಸಮೀಪದ ನಾಗನಾಥಕೊಳ್ಳದಿಂದ ಬಂದ ಮೂರ್ತಿ. ಕುತ್ತಿಗೆಯ ಮೇಲೆ ಮುಖವಿಲ್ಲ, ಅರಳಿದ ತಾವರೆ ಇದೆ. ಮಡಿಸಿದ ಕಾಲುಗಳು ಎರಡೂ ಬದಿಗೆ ಚಾಚಿವೆ. ಹೆರಿಗೆಗೆ ಅಣಿಯಾದ ಮೈ. ನಾನು ನಿಂತಿದ್ದಾಗ ಒಂದು ಕುಟುಂಬ ಬಂತು. ಅಪ್ಪ ಮಕ್ಕಳ ಕೈಹಿಡಿದು ಸರಸರನೆ ಮುಂದಿನ ಕೋಣೆಗೆ ನಡೆದುಬಿಟ್ಟ. ಅಜ್ಜಿ ಮಾತ್ರ ನಿಂತರು, ಚಪ್ಪಲಿ ಬಿಟ್ಟು ಕೈಮುಗಿದರು. ನೋಡುವ ಬಗೆ ಅಜ್ಜಿಯದೇ ಸರಿ. ಮಳೆ, ಬೆಳೆ, ಸಂತಾನ ಎಲ್ಲವನ್ನೂ ಒಂದೇ ಮೈಯಲ್ಲಿ ಕಂಡ ಜನ ಇದನ್ನು ಪೂಜೆಗೆಂದು ಕಡೆದರು, ಮುಚ್ಚಿಡಲಿಕ್ಕಲ್ಲ. ಚಾಲುಕ್ಯ ಶಿಲ್ಪದಲ್ಲಿ ಬಾದಾಮಿಯ ಮೂರನೇ ಗುಹಾಲಯದ ವಿಷ್ಣುವೇ ಮೇಲು ಎನ್ನುವವರಿದ್ದಾರೆ. ನನ್ನ ಲೆಕ್ಕದಲ್ಲಿ ಈಕೆ ಅವನಿಗೆ ಒಂದು ಕೂದಲೆಳೆಯೂ ಕಡಿಮೆಯಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಈ ಮೂರ್ತಿಯ ಮುಂದೆ ನಿಲ್ಲಿ, ಅವರು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡಿ. ಬಿಸಿಲೇರುವ ಮುನ್ನ ಕೋಟೆ ಮುಗಿಸಿ. ಶುಕ್ರವಾರ ಮಾತ್ರ ಹೋಗಬೇಡಿ, ಮ್ಯೂಸಿಯಂಗೆ ಅಂದು ರಜೆ.